ಮುದ್ದಮ್ಮನ ಟಾರ್ಚು

ಹೆಣ ಇಡುವ ತಣ್ಣನೆ ಪೆಟ್ಟಿಗೆಗೆ ದಿನಕ್ಕೆ ಮೂರು ಸಾವಿರ, ಅದನ್ನು ಅರಸೀಕೆರೆಯಿಂದ ತಂದ ಗಾಡಿಗೆ ಸಾವಿರದಿನ್ನೂರು, ಹೂವಿಗೆ ಎಂಟುನೂರು. ಜಗಲಿಯಲ್ಲಿ ಕೂತ ಚೇತನ್‌ಕುಮಾರ್ ಬಂದವರಿಗೆಲ್ಲ ಅಮ್ಮನ ಸಾವಿನ ಖರ್ಚನ್ನೇ ಹೇಳುತ್ತಿದ್ದ. ಅಳು ಬಾರದವನಿಗೆ ಹೇಳಲು ಇನ್ನೇನೂ ಇರಲಿಲ್ಲ.

ಒಳಗೆ ಅವನ ಹೆಂಡತಿ ನಯನಾ, ಬಂದವರು ನಡುಮನೆಯ ಮೂಲೆಗೆ ಎಸೆದಿದ್ದ ಕಂಬಳಿಗಳನ್ನು ಒಂದೊಂದಾಗಿ ಎಳೆದು ಹಾಕುತ್ತಿದ್ದಳು. ರಾಶಿಯ ತಳದಲ್ಲಿ ಮೊಟ್ಟೆಗೆ ಕಾವು ಕೊಡುವ ಥರ್ಮೋಕೋಲ್ ಪೆಟ್ಟಿಗೆ ಸಿಕ್ಕಿತು. ಕಿಂಡಿಯಲ್ಲಿ ಇಣುಕಿದಳು. ಬಲ್ಬು ಆರಿತ್ತು.

ನಡುಮನೆಗೆ ಇದ್ದದ್ದು ಒಂದೇ ಪ್ಲಗ್ಗು. ಹಿಂದಿನ ಸಂಜೆ ಗಾಡಿಯವನು "ಪ್ಲಗ್ ಎಲ್ಲೈತ್ರೀ, ಬೇಗ" ಎಂದು ಕೂಗಿದಾಗ ಕಾವು ಪೆಟ್ಟಿಗೆಯ ವಯರನ್ನು ಕಿತ್ತವಳು ಅವಳೇ. ಅಡುಗೆಮನೆಗೆ ಒಯ್ದು ಸಿಕ್ಕಿಸೋಣ ಅಂದುಕೊಂಡಿದ್ದಳು. ಅಷ್ಟರಲ್ಲಿ ಹೆಂಗಸರು ಕೊರಳಿಗೆ ಬಿದ್ದು ಅತ್ತರು. ಮರೆತೇಹೋಯಿತು. ಬೆಳಗಾಗುವವರೆಗೂ ಆ ಪ್ಲಗ್ಗು ಅವಳ ಅತ್ತೆಯನ್ನು ತಣ್ಣಗಿಟ್ಟಿತ್ತು. ಮೊಟ್ಟೆಗಳನ್ನೂ.

ಕಾಫಿಪುಡಿ ಬಣ್ಣದ ಇಪ್ಪತ್ತಾರು ಮೊಟ್ಟೆ. ಕಳೆದ ತಿಂಗಳ ರೋಗಕ್ಕೆ ಕೋಳಿಗಳೆಲ್ಲ ಸತ್ತಿದ್ದವು. ಅತ್ತೆ ಮುದ್ದಮ್ಮ ವರ್ಷಗಟ್ಟಲೆ ಸಾಕಿದ ತಳಿಯಲ್ಲಿ ಉಳಿದದ್ದು ಇಷ್ಟೇ. "ಇವು ಒಡುದ್ರೆ ಅರ್ಧ ಮರಿ ನಿಂದು ಕಣೇ. ಸ್ವಂತದ್ದು" ಎಂದಿದ್ದಳು. ಸೊಸೆಗೆ ಆ ಮನೆಯಲ್ಲಿ ಸ್ವಂತದ್ದು ಅಂತ ಬೇರೇನೂ ಇರಲಿಲ್ಲ.

ಪೆಟ್ಟಿಗೆಯನ್ನು ಅಡುಗೆಮನೆಗೆ ಒಯ್ದು ವಯರು ಸಿಕ್ಕಿಸಿದಳು. ಬಾಗಿಲಲ್ಲಿ ಚೇತನ್ ನಿಂತಿದ್ದ.

"ಆರ್ಹೋಗಿತ್ತಾ? ರಾತ್ರಿಯೆಲ್ಲ?"

"ನಾನೇ ಕಿತ್ತೆ."

ಅವನು ಬಯ್ಯಲಿಲ್ಲ. "ಇನ್ನೇನ್ ಉಳ್ದಿರ್ತೈತೆ. ಮಣ್ಣು ಮುಗಿಸ್ಕೊಂಡ್ ಬಂದು ತಿಪ್ಪೆಗೆ ಹಾಕು. ಸಾವಿನ ಮನೇಲಿ ಕೊಳ್ತು ಸಿಡುದ್ರೆ ಬಂದೋರು ಏನಂತಾರೆ."

"ಸಂಜೆ ಒಂದ್ಸಲ ನೋಡ್ತೀನಿ ಕಣ್ರೀ. ಅತ್ತೆ ಟಾರ್ಚ್ ಎಲ್ಲಿ?"

"ಬೋರಮ್ಮತ್ತೆ ಇಟ್ಟೈತೆ. ಅವ್ವನ ಕೈಲಿ."

*

ಒಳಗೆ ಮರಿ ಜೀವದಿಂದಿದೆಯೇ ಎಂದು ನೋಡಲು, ಬಿಳಿ ಮೊಟ್ಟೆಗಾದರೆ ತಗಡಿನ ಡಬ್ಬಕ್ಕೆ ತೂತು ಹೊಡೆದು ಒಳಗೊಂದು ಹಳದಿ ಬಲ್ಬು ಇಟ್ಟರೆ ಸಾಕಾಗುತ್ತಿತ್ತು. ಈ ಕಡುಗಂದು ಚಿಪ್ಪಿಗೆ ಅದು ನಾಟಲಿಲ್ಲ. ಮೊಬೈಲಿನ ಬೆಳಕೂ ಅಷ್ಟೇ. ಆಗ ಮುದ್ದಮ್ಮ ಒಂದು ಮೊಟ್ಟೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು, ಗಂಡ ಜವರಯ್ಯನನ್ನೂ ಸೊಸೆಯನ್ನೂ ಎಬ್ಬಿಸಿಕೊಂಡು ಜಾವಗಲ್ಲಿನಿಂದ ಅರಸೀಕೆರೆ ಬಸ್ಸು ಹತ್ತಿದ್ದಳು.

"ಶಟರ್ ಎಳೀರಿ ಸ್ವಾಮಿ, ಕತ್ಲಾಗ್ಲಿ" ಎಂದಳು ಟಾರ್ಚಿನಂಗಡಿಯ ಚಿದಂಬರನಿಗೆ.

"ಹಗಲೊತ್ತು ಶಟರ್ ಎಳುದ್ರೆ ಪಕ್ಕದಂಗ್ಡಿಯೋರು ಏನಂದ್ಕೊಂಡಾರು ಅಜ್ಜೀ?"

"ಅಂದ್ಕೊಳ್ಳಿ ಬಿಡಿ. ಈ ವಯಸ್ಸಲ್ಲಿ ನನಗೂ ಒಂದ್ ಹೆಸ್ರು ಬರ್ಲಿ."

ಹೊರಗೆ ಬೆಂಚಿನ ಮೇಲಿದ್ದ ಜವರಯ್ಯ ಕೆಮ್ಮುವಂತೆ ನಕ್ಕಿದ್ದ. ಅರ್ಧ ಶಟರಿನ ಕತ್ತಲಲ್ಲಿ ಮುದ್ದಮ್ಮ ಒಂದೊಂದೇ ಟಾರ್ಚನ್ನು ಮೊಟ್ಟೆಯ ದಪ್ಪ ತುದಿಗೆ ಒತ್ತಿ ನೋಡಿದಳು. ದೊಡ್ಡವನ್ನೆಲ್ಲ ಪಕ್ಕಕ್ಕಿಟ್ಟಳು. "ಬೆಳಕು ಆಚೆ ಚೆಲ್ಬಾರ್ದು ನಯನಾ. ಚೆಲ್ಲಿದ್ದು ನಮ್ ಕಣ್ಣಿಗೆ ಹೊಡೀತೈತೆ. ಒಳಕ್ಕೆ ನುಗ್ಬೇಕು." ಆರಿಸಿದ್ದು ಹೆಬ್ಬೆರಳು ಗಾತ್ರದ ಬಾಯಿಯ ಬಿಳಿ ಬೆಳಕಿನದು. ಮನೆಗೆ ಬಂದು ಅದರ ಬಾಯಿಗೆ ಸೈಕಲ್ ಟ್ಯೂಬಿನ ಬಳೆ ತೊಡಿಸಿದಳು.

"ಬಾಳ ಹೊತ್ತು ಹಿಡೀಬ್ಯಾಡ, ಕಾವು ತಾಗ್ತೈತೆ. ತಣ್ಣಗಾದ ಮೊಟ್ಟೆ ಅಲ್ಲಾಡ್ಲಿಲ್ಲ ಅಂತ ಸತ್ತೈತೆ ಅನ್ಬ್ಯಾಡ. ಬೆಚ್ಚಗಾದ್ಮೇಲೆ ಇನ್ನೊಂದ್ಸಲ ನೋಡು."

*

ತೋಟದಲ್ಲಿ ಗುಂಡಿ ತಯಾರಿತ್ತು. ಇಳಿಸುವ ಮುಂಚೆ ಜವರಯ್ಯನ ಅಕ್ಕ ಬೋರಮ್ಮ, ಮುದ್ದಮ್ಮನ ಎಲೆಅಡಿಕೆ ಚೀಲವನ್ನು ಸೊಂಟಕ್ಕೆ ಸಿಕ್ಕಿಸಿದಳು. ಬಲಗೈಯಲ್ಲಿ ಟಾರ್ಚು ಇದ್ದೇ ಇತ್ತು. ನಯನಾಳಿಗೆ ಹೆಣದ ಭಯ, ಅಷ್ಟು ಜನರ ಭಯ. ಈಗ ಸುಮ್ಮನಿದ್ದರೆ ಮುಗಿಯಿತು ಎಂಬ ಭಯ ಎಲ್ಲಕ್ಕಿಂತ ದೊಡ್ಡದಾಗಿತ್ತು.

"ಮಾವ, ಆ ಟಾರ್ಚ್ ನಂಗೆ ಬೇಕು."

ತಮಟೆ ನಿಂತಿತು.

"ಸತ್ತೋರಿಗೆ ಕೊಟ್ಟಿದ್ನ ಕಿತ್ಕೊಂತಾರೇನೇ?" ಬೋರಮ್ಮ ಕೆನ್ನೆ ಬಡಿದುಕೊಂಡಳು. "ಅವಳು ಹೋಗೋ ದಾರೀಲಿ ಕತ್ಲು. ನಾಳೆ ನಿನ್ ಹಿಂದೇನೇ ಬತ್ತಾಳೆ, ನೋಡ್ಕೊ!"

"ಮೊಟ್ಟೆ ನೋಡ್ಬೇಕು..." ನಯನಾಳ ದನಿ ಅವಳಿಗೇ ಕೇಳಿಸಲಿಲ್ಲ.

ಜವರಯ್ಯ ಹೆಂಡತಿಯ ಪಕ್ಕ ಕುಕ್ಕುರುಗಾಲಲ್ಲಿ ಕೂತ. ಸೆಟೆದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಟಾರ್ಚಿನ ಗುಂಡಿ ಒತ್ತಿ, ಅಂಗೈಗೆ ಬೆಳಕು ಬಿಟ್ಟುಕೊಂಡು ನೋಡಿದ.

"ಕತ್ಲಿಗೆ ಹೆದರೋ ಹೆಂಗ್ಸಾ ಇವ್ಳು? ಶಟರ್ ಎಳ್ಸಿ ಕತ್ಲು ಮಾಡ್ಸುದ್ಲು ಕಣಕ್ಕ" ಎಂದ. "ತಗಾ ಮಗಾ. ಮಣ್ಣಿಗೆ ಹಾಕೋಕೆ ತಂದಿದ್ದಲ್ಲ ಇದು."

ತಣ್ಣನೆಯ ಟಾರ್ಚು ಅವಳ ಕೈಗೆ ಬಂತು. ಮನೆಯವರೆಗೂ ಅವಳು ಹಿಂದಿರುಗಿ ನೋಡಲಿಲ್ಲ.

ಮುಸ್ಸಂಜೆ ಸ್ನಾನ ಮುಗಿಸಿ ಅಡುಗೆಮನೆಯ ಬಾಗಿಲು ಹಾಕಿಕೊಂಡಳು. ಟ್ಯೂಬಿನ ಬಳೆಯನ್ನು ಮೊದಲ ಮೊಟ್ಟೆಗೆ ಒತ್ತಿದಳು. ಮಸುಕು. ಎರಡನೆಯದೂ ಹಾಗೇ. ಮೂರು, ನಾಲ್ಕು, ಐದು, ಎಲ್ಲ ಸುಮ್ಮನೆ. ಬೆನ್ನ ಹಿಂದೆ ಯಾರೋ ನಿಂತು ನೋಡುತ್ತಿದ್ದಂತೆ ಅನ್ನಿಸಿತು. ಆರನೆಯದರಲ್ಲಿ ಕೆಂಪು ನರಗಳು ಎದ್ದು ಕಂಡವು. ಅವುಗಳ ನಡುವೆ ಕಪ್ಪು ನೆರಳೊಂದು ಬೆಳಕಿಗೆ ಬೆಚ್ಚಿ ಅತ್ತ ಸರಿಯಿತು.

ಇಪ್ಪತ್ತಾರನ್ನೂ ನೋಡಿ ಮುಗಿಸಿ ಬಾಗಿಲು ತೆರೆದಾಗ ಆಚೆ ಜವರಯ್ಯ ನಿಂತಿದ್ದ. ಕೇಳಲು ಅವನಿಗೂ ಹೆದರಿಕೆ.

ನಡುಮನೆಯಲ್ಲಿ ಮುದ್ದಮ್ಮ ಮಲಗಿದ್ದ ಜಾಗದಲ್ಲಿ ಎಣ್ಣೆದೀಪ ಉರಿಯುತ್ತಿತ್ತು. ತಣ್ಣನೆ ಪೆಟ್ಟಿಗೆ ವಾಪಸು ಹೋಗಿತ್ತು. ನಯನಾ ಕಾವು ಪೆಟ್ಟಿಗೆಯನ್ನು ತಂದು ದೀಪದ ಪಕ್ಕ ಇಟ್ಟು, ಖಾಲಿ ಬಿದ್ದಿದ್ದ ಪ್ಲಗ್ಗಿಗೆ ವಯರು ಸಿಕ್ಕಿಸಿದಳು. ಬಲ್ಬು ಹತ್ತಿತು.

ಇಪ್ಪತ್ತಾರರಲ್ಲಿ ಹತ್ತೊಂಬತ್ತು ಹೋಗಿದ್ದವು. ಏಳು ಉಳಿದಿದ್ದವು.