ಸೇತುವೆ ಬಂತು

ನಮ್ಮಲ್ಲಿ ಸತ್ತವರ ಜೀವವನ್ನು ಮನೆಗೆ ಕರೆದೊಯ್ಯುವಾಗ ಪ್ರತಿ ಸೇತುವೆಯಲ್ಲೂ ಕೂಗಿ ಹೇಳಬೇಕು. ಹೇಳದಿದ್ದರೆ ಅದು ನೀರು ದಾಟಲಾರದೆ ಆಚೆ ದಡದಲ್ಲೇ ಉಳಿದುಬಿಡುತ್ತದೆ. ಕೂಗಬೇಕಾದವರು ಹೆಂಡತಿ, ಇಲ್ಲವೇ ಮಕ್ಕಳು. ನಾನಂತೂ ಕೂಗುವುದಿಲ್ಲ ಎಂದು ಬೆಟ್ಟ ಹತ್ತುವಾಗಲೇ ತೀರ್ಮಾನಿಸಿದ್ದೆ. ಹಾನ್-ಲಿಂಗ್ ಮೇಲೆ ನನಗೆ ಅಷ್ಟು ಸಿಟ್ಟಿತ್ತು. ಒಂದು ಬೊಗಸೆ ಹಿಮಕ್ಕಾಗಿ ಪ್ರಾಣ ಕಳೆದುಕೊಂಡ ಗಂಡನ ಜೊತೆ ಎಂಥ ಮಾತು?

ನಮ್ಮ ಬಯಲೂರು ಯುವಾನ್‌ಲಿನ್‌ನಲ್ಲಿ ಚಳಿಗಾಲವೆಂದರೆ ಅಂಗಿಯ ಮೇಲೊಂದು ಸ್ವೆಟರ್, ಅಷ್ಟೆ. ಆದರೆ ಹೆಹುವಾನ್ ಬೆಟ್ಟದಲ್ಲಿ ಹಿಮ ಬಿತ್ತೆಂದು ಟಿ.ವಿ.ಯಲ್ಲಿ ಬಂದರೆ ಸಾಕು, ಊರಿಗೆ ಊರೇ ಹುಚ್ಚೆದ್ದು ಗಾಡಿ ಹತ್ತುತ್ತದೆ. ಹಿಮದ ಗೊಂಬೆ ಮಾಡಿ, ಕಾರಿನ ಬಾನೆಟ್ ಮೇಲೆ ಕೂರಿಸಿ, ಕರಗುವ ಮೊದಲು ಊರಿಗೆ ತಂದು ಮೆರೆಸಬೇಕು. ಮಗಳು ಯೂ-ಟಾಂಗ್ ಅದನ್ನೇ ಕೇಳಿದ್ದಳು. ಅವಳಿಗೆ ಶಾಲೆಯಿತ್ತು, ನನಗೆ ಅಂಗಡಿಯಿತ್ತು, ಅವನೊಬ್ಬನೇ ಹೋದ.

ಟೈರಿಗೆ ಕಟ್ಟುವ ಸರಪಳಿ ನಮ್ಮವರ ಮನೆಗಳಲ್ಲಿ ಇರುವುದಿಲ್ಲ, ಬೆಟ್ಟದ ದಾರಿಯಲ್ಲಿ ಬಾಡಿಗೆಗೆ ಸಿಗುತ್ತದೆ. ಇಳಿಯುವಾಗ ಹಿಮ ಮುಗಿಯಿತೆಂದು ಬಿಚ್ಚಿಸಿ ವಾಪಸು ಕೊಟ್ಟನಂತೆ. ಅದಕ್ಕೂ ಕೆಳಗೆ, ಬಿಸಿಲೇ ಬೀಳದ ತಿರುವಿನಲ್ಲಿ ಒಂದು ಸಣ್ಣ ಸೇತುವೆ. ರಸ್ತೆ ಹೊಳೆಯುತ್ತಿತ್ತು. ಬಯಲಿನವರಾದ ನಮಗೆ ರಸ್ತೆ ಹೊಳೆದರೆ ಮಳೆ ಬಂದಿದೆ ಎಂದಷ್ಟೇ ಗೊತ್ತು. ಅದು ನೀರಲ್ಲ, ಹೆಪ್ಪುಗಟ್ಟಿದ ಮಂಜುಗಡ್ಡೆ. ಅವನು ಬ್ರೇಕ್ ಒತ್ತಿದ, ಕಾರು ಜಾರಿ ಕಮರಿಗೆ ಬಿತ್ತು.

ದೇಹ ಆಗಲೇ ಊರಿಗೆ ಬಂದಿತ್ತು. ಜೀವವನ್ನು ಕರೆತರಲು ಅದೇ ಸೇತುವೆಗೆ ಹೋದೆವು: ನಾನು, ಯೂ-ಟಾಂಗ್, ಅವನ ಅಣ್ಣ ಬೋ-ಚುನ್, ಮತ್ತೆ ಪೂಜಾರಿ. ಅವನ ಹೆಸರು ಬರೆದ ಕಾಗದದ ಫಲಕದ ಮುಂದೆ ಊದುಬತ್ತಿ ಹಚ್ಚಿ, ಭಾವ ಒಂದು ಮಗ್ಗುಲು ಚಪ್ಪಟೆಯಾದ ಮರದ ಎರಡು ತುಂಡುಗಳನ್ನು ನೆಲಕ್ಕೆ ಎಸೆದರು. ಒಂದು ಅಂಗಾತ, ಒಂದು ಬೋರಲು ಬಿದ್ದರೆ ಸತ್ತವರು ಹೂಂ ಅಂದಂತೆ. ಎರಡೂ ಅಂಗಾತ ಬಿದ್ದರೆ ಉತ್ತರ ಕೊಡದೆ ನಗುತ್ತಿದ್ದಾರೆ ಎಂದು ಲೆಕ್ಕ.

“ತಮ್ಮಾ, ಮನೆಗೆ ಹೋಗೋಣ ಬಾರೋ.”

ಎರಡೂ ಅಂಗಾತ.

“ಹೊಸ ಕೋಟು ತಂದಿದೀನಿ ಕಣೋ. ಚಳಿ ಆಗಲ್ಲ, ಬಾ.”

ಮತ್ತೆ ಅಂಗಾತ.

“ಬದುಕಿದ್ದಾಗ್ಲೂ ಇದೇ ಆಯ್ತು. ಏನು ಹೇಳಿದ್ರೂ ಹಲ್ಲು ಕಿರಿಯೋದು,” ಎಂದೆ ನಾನು.

“ಬೈಬೇಡಮ್ಮ. ಅವನಿಗೆ ಏನೋ ಬಾಕಿ ಇದೆ. ಏನು ಅಂತ ಯೋಚನೆ ಮಾಡಿ,” ಎಂದರು ಪೂಜಾರಿ.

ಯೂ-ಟಾಂಗ್ ನನ್ನ ಬೆನ್ನ ಹಿಂದಿನಿಂದ ಹೇಳಿದಳು: “ಅಪ್ಪ ಗೊಂಬೆ ತರ್ತೀನಿ ಅಂದಿದ್ದ. ಬರಿಗೈಲಿ ಹೇಗೆ ಬರ್ತಾನೆ?”

ಗೊಂಬೆ ಮಾಡಿಕೊಂಡೇ ಹೋಗೋಣವೇ ಎಂದು ಕೇಳಿ ಭಾವ ಇನ್ನೊಮ್ಮೆ ಎಸೆದರು. ಒಂದು ಅಂಗಾತ, ಒಂದು ಬೋರಲು.

ತಡೆಗೋಡೆಯ ನೆರಳಿನಲ್ಲಿ ಉಳಿದಿದ್ದ ಹಿಮವನ್ನು ಭಾವ ಬರಿಗೈಯಲ್ಲೇ ಕೆರೆದು ತಂದರು. ನನ್ನ ಕಾರಿನ ಬಾನೆಟ್ ಮೇಲೆ ಒಂದು ಸೊಟ್ಟ ಗೊಂಬೆ ಎದ್ದಿತು. ಹೊಸ ಕೋಟಿನ ಎರಡು ಗುಂಡಿ ಕಿತ್ತು ಕಣ್ಣು ಮಾಡಿದರು. ಯಾವ ಗೊಂಬೆ ನನ್ನ ಮನೆ ಮುರಿಯಿತೋ ಅದನ್ನೇ ಹೊತ್ತು ಅದೇ ದಾರಿಯಲ್ಲಿ ಇಳಿಯಬೇಕಾಯಿತು.

ಭಾವ, ಪೂಜಾರಿ ವ್ಯಾನಿನಲ್ಲಿ ಮುಂದೆ ಹೋದರು. ಹಿಂದಿನ ಸೀಟಿನಲ್ಲಿ ಫಲಕವನ್ನು ತೊಡೆಯ ಮೇಲಿಟ್ಟುಕೊಂಡ ಯೂ-ಟಾಂಗ್ ಸೇತುವೆ ಸಿಕ್ಕಲ್ಲೆಲ್ಲ ಕೂಗುತ್ತಿದ್ದಳು, “ಅಪ್ಪಾ, ಸೇತುವೆ ಬಂತು, ನಮ್ ಜೊತೆ ಬಾ.” ನಾನು ತುಟಿ ಕಚ್ಚಿಕೊಂಡು ಸ್ಟಿಯರಿಂಗ್ ಹಿಡಿದಿದ್ದೆ. ಹತ್ತುವಾಗ ಬಾಡಿಗೆಗೆ ಕಟ್ಟಿಸಿದ್ದ ಸರಪಳಿಯನ್ನು ಹಿಮ ಮುಗಿದ ಮೇಲೂ ಬಿಚ್ಚಲಿಲ್ಲ. ಒಣ ರಸ್ತೆಯ ಮೇಲೆ ಅದು ಗಡಗಡ ಸದ್ದು ಮಾಡುವಾಗ ಪಕ್ಕದ ಲಾರಿಯವನು ಗಾಜಿಳಿಸಿ ಹೇಳಿದ, “ಅಕ್ಕಾ, ಹಿಮ ಮೇಲೇ ಮುಗೀತು. ಟೈರ್ ಹಾಳಾಗತ್ತೆ.”

“ಹಾಳಾಗ್ಲಿ ಬಿಡಪ್ಪ,” ಎಂದೆ. ಬೆಟ್ಟದ ಬುಡದ ಪೂಲಿ ಪೇಟೆ ಕಂಡ ಮೇಲೆಯೇ ಬಿಚ್ಚಿಸಿದ್ದು.

ಪೇಟೆಯ ಸಿಗ್ನಲ್‌ನಲ್ಲಿ ಜನ ಗೊಂಬೆಯ ಫೋಟೋ ತೆಗೆದರು. ಸ್ಕೂಟರಿನ ಹೆಂಗಸೊಬ್ಬಳು ನಕ್ಕಳು. “ಬೇಗ ಓಡ್ಸಿ ಅಕ್ಕಾ, ನಿಮ್ ಯಜಮಾನ್ರು ಸಣ್ಣಗಾಗ್ತಾ ಇದಾರೆ.” ನಾನೂ ನಕ್ಕೆ. ಅವಳಿಗೇನು ಗೊತ್ತು ಪಾಪ. ಸಿಗ್ನಲ್ ದಾಟಿದ ಮೇಲೆ ಅಳು ತಡೆಯಲಾಗಲಿಲ್ಲ.

ಬಯಲು ಬಂದಂತೆ ಸೆಕೆ ಏರಿತು. ಗೊಂಬೆ ಮೊದಲು ವಾಲಿತು, ಆಮೇಲೆ ಕುಸಿಯಿತು. ನೀರು ಗಾಜಿನ ಮೇಲೆ ಹರಿದು ಬಂದಾಗಲೆಲ್ಲ ವೈಪರ್ ಹಾಕಿ ಒರೆಸಿದೆ. ಅವನನ್ನೇ ಒರೆಸಿ ಹಾಕುತ್ತಿದ್ದೇನೆ ಅನ್ನಿಸಿತು.

ಊರಿಗೆ ಮುಂಚಿನ ಕೊನೆಯ ಹೊಳೆ ಬರುವಷ್ಟರಲ್ಲಿ ಸಂಜೆಯಾಗಿತ್ತು. ಬಾನೆಟ್ ಮೇಲೆ ಏನೂ ಉಳಿದಿರಲಿಲ್ಲ. ಎರಡು ಗುಂಡಿಗಳು ಮಾತ್ರ ವೈಪರಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದವು.

ಹಿಂದಿನಿಂದ ಕೂಗು ಬರಲಿಲ್ಲ.

“ಯೂ-ಟಾಂಗ್, ಏಳೇ. ಹೊಳೆ ಬಂತು.”

ಕನ್ನಡಿಯಲ್ಲಿ ನೋಡಿದೆ. ಫಲಕವನ್ನು ಅವುಚಿಕೊಂಡು ನಿದ್ದೆ ಹೋಗಿದ್ದಳು. ಕೂಗಿ ಕೂಗಿ ದಣಿದಿದ್ದಳು, ಇನ್ನೊಮ್ಮೆ ಕರೆದರೂ ಮಿಸುಕಲಿಲ್ಲ. ಭಾವನ ವ್ಯಾನು ಆಗಲೇ ಆಚೆ ದಡ ಸೇರಿತ್ತು. ಮನೆಗೆ ಇಷ್ಟು ಹತ್ತಿರ ಬಂದು ಅವನು ಇಲ್ಲೇ ಉಳಿದುಬಿಟ್ಟರೆ? ಎದೆಯಲ್ಲಿ ಕಟ್ಟಿಕೊಂಡಿದ್ದ ಸಿಟ್ಟು ಅಲ್ಲಿಗೆ ಸೋತುಹೋಯಿತು.

ಕಾರನ್ನು ಆದಷ್ಟು ನಿಧಾನ ಮಾಡಿದೆ. ಗಾಜಿಳಿಸಿ ಕೂಗಿದೆ.

“ಹಾನ್-ಲಿಂಗ್, ಸೇತುವೆ ಬಂತು. ನಿಧಾನ. ಬ್ರೇಕ್ ಮಾತ್ರ ಒತ್ತಬೇಡ ಕಣೋ.”