ಹೆಸರು ಕೊರೆಸಿದ ಲೋಟ

“ನಮ್ಮಣ್ಣನ ಬಾಯಿಗೆ ಏನ್ ಬಿಡಬೇಕು ಅಂತ ಹೇಳಾಕೆ ನೀನ್ಯಾವನಯ್ಯ? ಕೈ ಬಿಡು.”

ಸಣ್ಣಪ್ಪ ಕೂಗಿದ ರಭಸಕ್ಕೆ ಹೊರಗಿನ ತಮಟೆ ನಿಂತಿತು. ಅವನ ಮುಷ್ಟಿಯಲ್ಲಿ ಬ್ರಾಂದಿ ಪಾಕೀಟು. ಆ ಮುಷ್ಟಿಯನ್ನು ಗಟ್ಟಿಯಾಗಿ ಹಿಡಿದಿದ್ದವರು ಬಿಳಿ ಟೋಪಿಯ ಒಬ್ಬ ಸಾಬರು. ಆ ಮನೆಯಲ್ಲಿ ಯಾರೂ ಅವರನ್ನು ಹಿಂದೆಂದೂ ಕಂಡಿರಲಿಲ್ಲ. ಕೆಳಗೆ ಚಾಪೆಯ ಮೇಲೆ ಹಾಲೇಶಪ್ಪನ ಹೆಣ. ನಿನ್ನೆ ಸಂಜೆ ಅಂಗಡಿಯಲ್ಲಿ ಮೋಟಾರಿಗೆ ತಂತಿ ಸುತ್ತುತ್ತಿದ್ದವನು ಹಾಗೇ ಕುಸಿದಿದ್ದ. ಕುಡಿದೇ ಸತ್ತ ಎಂದು ಕೇರಿ ತೀರ್ಪು ಕೊಟ್ಟಾಗಿತ್ತು.

ಹೆಣ ಎತ್ತುವ ಮುಂಚೆ ಬಾಯಿಗೆ ನೀರು ಬಿಡಬೇಕು, ಅದರಲ್ಲಿ ಸತ್ತವನಿಗೆ ಇಷ್ಟವಾದದ್ದು ಒಂದು ತೊಟ್ಟು ಬೆರೆಸಬೇಕು. ಇಲ್ಲದಿದ್ದರೆ ಜೀವ ಹೊಸ್ತಿಲಲ್ಲೇ ಸುಳಿಯುತ್ತದೆ ಎಂಬುದು ಆ ಮನೆತನದ ನಂಬಿಕೆ. ಅಪ್ಪ ಸತ್ತಾಗ ಮಜ್ಜಿಗೆ ಬಿಟ್ಟಿದ್ದರು. ಅಣ್ಣನಿಗೆ ಏನಿಷ್ಟ ಎಂದು ಸಣ್ಣಪ್ಪನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

“ಬರೀ ನೀರು ಬಿಡ್ರಿ. ಅದೊಂದು ಬ್ಯಾಡ,” ಎಂದರು ಸಾಬರು.

ಹೆಣದ ತಲೆಯ ಬಳಿ ಕೂತಿದ್ದ ಹಾಲೇಶಪ್ಪನ ಹೆಂಡತಿ ಕಸ್ತೂರಮ್ಮ ಎಲ್ಲಿಂದ ಬಂದಿರಿ ಎಂದು ಕೇಳಿದಳು.

“ಹೊನ್ನಾಳಿಯಿಂದಮ್ಮ. ಕಲೀಮುಲ್ಲಾ ಅಂತ. ಬೆಳಿಗ್ಗೆ ಅವರಿಗೆ ಫೋನ್ ಮಾಡಿದಾಗ ವಿಷಯ ಗೊತ್ತಾತು. ಮೀಟಿಂಗಿನಾಗೆ ಪರಿಚಯ.”

ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಪಕ್ಕದ ಮನೆಯ ಧರ್ಮಪ್ಪನಂತೂ ಸಾವಿನ ಮನೆ ಎಂಬುದನ್ನೂ ಮರೆತ. “ಮೀಟಿಂಗ್ ಮಾಡೋರೇ ಬ್ಯಾಡ ಅಂದ್ರೆ ಹೆಂಗ್ರೀ ಸಾಬ್ರೆ?”

ನ್ಯಾಮತಿಯ ಆ ಕೇರಿಯಲ್ಲಿ ಮೀಟಿಂಗ್ ಎಂದರೆ ಒಂದೇ ಅರ್ಥ. ನಾಲ್ಕು ಜನ, ಒಂದು ಬಾಟ್ಲಿ, ಹುರಿದ ಶೇಂಗಾ.

*

ಎರಡು ವರ್ಷದ ಹಿಂದೆ ಒಂದು ಶನಿವಾರ ಹಾಲೇಶಪ್ಪ ಮಧ್ಯಾಹ್ನವೇ ಅಂಗಡಿಗೆ ಬೀಗ ಹಾಕಿ ಬಂದು, ಮುಖ ತೊಳೆದು, ತಲೆ ಬಾಚಿಕೊಂಡು, “ಹೊನ್ನಾಳ್ಯಾಗೆ ಮೀಟಿಂಗ್ ಐತೆ, ಹೋಗಿ ಬರ್ತೀನಿ” ಎಂದಿದ್ದ.

ಕಸ್ತೂರಮ್ಮ ಒಲೆಯ ಮುಂದಿಂದ ತಿರುಗಿಯೂ ನೋಡಲಿಲ್ಲ. “ಊರಾಗಿನ ಅಂಗಡಿ ಸಾಲಲಿಲ್ವಾ? ಈಗ ಬಸ್ ಹತ್ತಿ ಹೋಗಿ ಕುಡಿಯಾಕೆ ಹೊಂಟ್ರಾ?”

“ಇದು ಆ ಮೀಟಿಂಗ್ ಅಲ್ಲ ಕಣೆ.”

“ಬಿಡ್ತೀನಿ ಅಂತ ಆಂಜನೇಯನ ಮುಂದೆ ಆಣೆ ಹಾಕಿದ್ದೂ ಹಿಂಗೇ. ಹೋಗ್ರಿ, ನನ್ ಮುಂದೆ ಏನೂ ಹೇಳಬ್ಯಾಡ್ರಿ.”

ಅವನು ಮತ್ತೆಂದೂ ಹೇಳಲಿಲ್ಲ. ಗೂಡಿನಲ್ಲಿದ್ದ ಸ್ಟೀಲಿನ ಲೋಟ ತೆಗೆದು ಜೇಬಿಗೆ ಹಾಕಿಕೊಂಡು ಹೋದ. ಅದು ಅವಳ ತವರಿನವರು ಹೆಸರು ಕೊರೆಸಿ ಕೊಟ್ಟ ಮದುವೆಯ ಲೋಟ. ಕುಡಿಯಲು ನನ್ನ ಹೆಸರೇ ಬೇಕಾಗಿತ್ತೇ ಎಂದು ಅವಳು ಅಂದು ಅತ್ತಳು. ಲೋಟ ಮನೆಗೆ ಮರಳಲಿಲ್ಲ.

ಅಲ್ಲಿಂದಾಚೆ ಶನಿವಾರ ಬಂತೆಂದರೆ ಅವಳು ಚಿಲಕ ತೆಗೆಯುತ್ತಿರಲಿಲ್ಲ, ಅವನು ಅಂಗಡಿಯಲ್ಲೇ ಮಲಗುತ್ತಿದ್ದ. ಉಳಿದ ಆರು ದಿನ ಬಾಯಿ ವಾಸನೆ ಬರದಿರುವುದು ಅವಳಿಗೆ ತಿಳಿದಿತ್ತು. ವಾರಕ್ಕೊಂದು ದಿನಕ್ಕೆ ಇಳಿಸಿದ್ದಾನೆ ಅಂದುಕೊಂಡಳು. ಆ ಆರು ದಿನಕ್ಕಾಗಿ ಒಂದು ಒಳ್ಳೆಯ ಮಾತಾಡಲು ಏಳನೆಯ ದಿನದ ಸಿಟ್ಟು ಬಿಡಲಿಲ್ಲ.

*

“ಎರಡು ವರ್ಷ ಕುಡಿಸಿದೋರು ನೀವೇನಾ?” ಕಸ್ತೂರಮ್ಮ ಎದ್ದು ನಿಂತಳು. “ಏನ್ ನೋಡಾಕೆ ಬಂದ್ರಿ? ನಡೀರಿ ಹೊರಗೆ.”

ಕಲೀಮುಲ್ಲಾ ಸಣ್ಣಪ್ಪನ ಕೈ ಬಿಟ್ಟರು. ಹೆಗಲ ಚೀಲದಿಂದ ಬಟ್ಟೆಯಲ್ಲಿ ಸುತ್ತಿದ ಲೋಟ ತೆಗೆದು ಅವಳ ಮುಂದೆ ಹಿಡಿದರು. ಅಂಚಿನಲ್ಲಿ ಅವಳದೇ ಹೆಸರು.

ಮೀಟಿಂಗಿನಲ್ಲಿ ಕೇಳಿದ್ದನ್ನು ಅಲ್ಲೇ ಬಿಟ್ಟು ಬರಬೇಕು ಎಂಬುದು ತಮ್ಮ ನಿಯಮ, ಬಸ್ಸಿನುದ್ದಕ್ಕೂ ಅದನ್ನೇ ಯೋಚಿಸಿದೆ ಎಂದರು. ಆಮೇಲೆ ಅವಳೊಬ್ಬಳಿಗೇ ಎಂಬಂತೆ ದನಿ ತಗ್ಗಿಸಿ ಹೇಳಿದರು. ಆ ಮೊದಲ ಶನಿವಾರ ಹಾಲೇಶಪ್ಪ ಮೀಟಿಂಗ್ ಎಲ್ಲಿ ಎಂದು ಆಟೋದವನನ್ನು ಕೇಳಿದ್ದ. ಆಟೋದವನು ನಗುತ್ತ ಬಾರಿನ ಮುಂದೆ ಇಳಿಸಿ ಹೋಗಿದ್ದ. ಹಾಲೇಶಪ್ಪ ಲೋಟ ಹಿಡಿದು ಎದುರಿನ ಕಟ್ಟೆಯ ಮೇಲೆ ಒಂದು ಗಂಟೆ ಕೂತಿದ್ದ, ಒಳಗೂ ಹೋಗದೆ, ವಾಪಸ್ಸೂ ಬರದೆ.

“ನಾನು ಕುಡಿಯಾಕೆ ಒಳಗೆ ಹೊಂಟಿದ್ದೆ. ಮೀಟಿಂಗ್ ಎಲ್ಲಿ ಅಂತ ನನ್ನ ಕೇಳಿದ್ರು. ಇಲ್ಲೇ ಬರ್ರಿ ಅಂದೆ. ‘ಕುಡಿಯೋ ಮೀಟಿಂಗ್ ಅಲ್ಲ ಸಾಬ್ರೆ, ಬಿಡೋ ಮೀಟಿಂಗ್’ ಅಂದ್ರು. ಅಂಥದೊಂದು ಐತೆ ಅಂತ ನನಗೂ ಗೊತ್ತಿರಲಿಲ್ಲಮ್ಮ. ಇಬ್ರೂ ಕೂಡಿ ಹುಡುಕಿದ್ವಿ. ಶಾಲೆ ಹಿಂದಿನ ರೂಮಿನಾಗೆ ಸಿಕ್ತು. ಅಲ್ಲಿ ಚಾ ಬಿಟ್ರೆ ಏನೂ ಕೊಡಲ್ಲ. ಈ ಲೋಟದಾಗೇ ಕುಡಿದು ಅಲ್ಲೇ ಇಟ್ಟು ಬರ್ತಿದ್ರು.”

ಕಸ್ತೂರಮ್ಮ ಲೋಟವನ್ನು ಮೂಗಿಗೆ ಹಿಡಿದಳು. ಶುಂಠಿಯ ವಾಸನೆ. ತಳದಲ್ಲಿ ತೊಳೆದರೂ ಹೋಗದ ಕಂದು ಕರೆ.

ಅವಳು ಸಣ್ಣಪ್ಪನ ಕೈಯಿಂದ ಪಾಕೀಟು ಕಿತ್ತು ಅಂಗಳದ ಚರಂಡಿಗೆ ಎಸೆದಳು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿರಲಿಲ್ಲ. ಲೋಟವನ್ನು ಧರ್ಮಪ್ಪನ ಹೆಂಡತಿಯ ಕೈಗೆ ಕೊಟ್ಟು, ಶುಂಠಿ ಜಜ್ಜಿ ಹಾಕಿ ಚಾ ಮಾಡಿಕೊಂಡು ಬಾ ಎಂದಳು.

ಚಾ ತಂದುಕೊಟ್ಟ ಧರ್ಮಪ್ಪನ ಹೆಂಡತಿ, ಸಕ್ಕರೆ ಹಾಕಿಲ್ಲ, ಹಾಕಲೇನು ಎಂದು ಕೇಳಿದಳು.

ಕಸ್ತೂರಮ್ಮನಿಗೆ ಗೊತ್ತಿರಲಿಲ್ಲ. ಮನೆಯಲ್ಲಿ ಗಂಡನಿಗೆ ಅವಳು ಚಾ ಮಾಡಿಕೊಟ್ಟು ವರ್ಷಗಳೇ ಆಗಿದ್ದವು. ಕಲೀಮುಲ್ಲಾರನ್ನು ಕೇಳಲು ತಿರುಗಿದಳು. ಅವರು ನಿಂತಿದ್ದ ಜಾಗ ಖಾಲಿ. ಇವತ್ತೂ ಶನಿವಾರ, ರೂಮಿನ ಬೀಗ ತೆಗೆಯಬೇಕು ಅಂತ ಹೊರಟರು ಎಂದ ಧರ್ಮಪ್ಪ.

ಲೋಟ ಹಿಡಿದೇ ಅವಳು ಹೊಸ್ತಿಲಿಗೆ ಓಡಿದಳು. ಕೇರಿಯ ತುದಿಯಲ್ಲಿ ಬಿಳಿ ಟೋಪಿ ಬಸ್ ಸ್ಟ್ಯಾಂಡಿನ ಕಡೆ ತಿರುಗುತ್ತಿತ್ತು. ಸಾಬ್ರೆ ಎಂದು ಕೂಗಿದಳು. ಅಷ್ಟರಲ್ಲಿ ತಮಟೆ ಮತ್ತೆ ಶುರುವಾಗಿತ್ತು. ಟೋಪಿ ತಿರುವಿನಲ್ಲಿ ಮರೆಯಾಯಿತು.

ಹೊತ್ತಾಯಿತು ಬಾ ಎಂದು ಒಳಗಿನಿಂದ ಕರೆಯುತ್ತಿದ್ದರು. ಅವಳ ಕೈಯಲ್ಲಿ, ಅವಳ ಹೆಸರಿನ ಕೆಳಗೆ, ಚಾ ಕೆನೆಗಟ್ಟುತ್ತಿತ್ತು.