ಬೆನ್ನು ತಿರುಗಿಸಿ ಆಡಿದ ಮಾತು

ಕೈಯಲ್ಲಿದ್ದ ಡಿಸ್ಕು ಇನ್ನೂ ತಿರುಗುತ್ತಿತ್ತು. ಮನೆಯ ಫೋಟೋ, ವಿಡಿಯೋಗಳನ್ನೆಲ್ಲ ಕೂಡಿಡುವ ಪೆಟ್ಟಿಗೆಯಿಂದ ಹೊರಗೆಳೆದ ಮೇಲೂ ಅದರ ಹೊಟ್ಟೆಯೊಳಗೆ ಏನೋ ಗಿರ್ರೆಂದು ಸುತ್ತುತ್ತ ಅಂಗೈಯನ್ನು ಒಂದು ಪಕ್ಕಕ್ಕೆ ಎಳೆಯುತ್ತಿತ್ತು. ಕೆಟ್ಟು ನಿಂತ ಡಿಸ್ಕು ಹೀಗೆ ತಿರುಗುವುದಿಲ್ಲವಲ್ಲ ಎಂದು ಅವನಿಗೆ ಹೊಳೆಯುವುದಕ್ಕೂ, ಪೆಟ್ಟಿಗೆಯ ಮುಂಬದಿಯ ದೀಪಗಳೆಲ್ಲ ಒಟ್ಟಿಗೆ ಕೆಂಪಾಗುವುದಕ್ಕೂ ಸರಿಹೋಯಿತು.

ಪರದೆ ಹೇಳಿದ್ದು ಎರಡನೆಯ ನಂಬರಿನ ಡಿಸ್ಕು ಕೆಟ್ಟಿದೆ ಎಂದು. ಅವನು ಎಳೆದದ್ದೂ ‘2’ ಎಂದು ಚೀಟಿ ಅಂಟಿಸಿದ್ದನ್ನೇ. ಆದರೆ ಚೀಟಿ ಅಂಟಿಸಿದವನು ಅವನು, ಒಂದರಿಂದ ಎಣಿಸಿದ್ದ. ಯಂತ್ರ ಎಣಿಸುವುದು ಸೊನ್ನೆಯಿಂದ. ಇದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಬ್ಯಾಂಕಿನಲ್ಲಿ ಊಟದ ಹೊತ್ತಿಗೆ ಜೊತೆಯವರಿಗೆ ಇದನ್ನೇ ತಮಾಷೆಯಾಗಿ ಹೇಳಿ ನಗಿಸಿದ್ದ ಮಹಾಶಯ. ನಾಲ್ಕು ಡಿಸ್ಕುಗಳಲ್ಲಿ ಒಂದು ಹೋದರೆ ಉಳಿದ ಮೂರು ಸೇರಿ ಎಲ್ಲವನ್ನೂ ಕಾಪಾಡುತ್ತವೆ, ಎರಡು ಹೋದರೆ ಮುಗಿಯಿತು. ಒಂದು ತಾನಾಗಿ ಹೋಗಿತ್ತು, ಇನ್ನೊಂದನ್ನು ಇವನು ಕಿತ್ತಿದ್ದ.

ಅಷ್ಟಕ್ಕೇ ಕೈಕಟ್ಟಿ ಕೂತಿದ್ದರೂ ಆಗುತ್ತಿತ್ತು. ಗಾಬರಿಯಲ್ಲಿ ಡಿಸ್ಕನ್ನು ಮತ್ತೆ ಒಳಗೆ ತಳ್ಳಿದ. ಹೊಸ ಡಿಸ್ಕು ಬಂದಿದೆ, ಎಲ್ಲವನ್ನೂ ಹೊಸದಾಗಿ ಸಿದ್ಧಪಡಿಸಲೇ ಎಂದು ಯಂತ್ರ ಕೇಳಿತು. ಬುದ್ಧಿಗಿಂತ ಬೆರಳು ಮುಂದಾಗಿ ‘ಹೌದು’ ಒತ್ತಿತು. ಪರದೆಯ ಮೇಲೆ ಒಂದು ನೀಲಿ ಪಟ್ಟಿ ಮೆಲ್ಲಗೆ ಬೆಳೆಯತೊಡಗಿದಾಗ ಅದು ಏನನ್ನು ತಿನ್ನುತ್ತ ಬೆಳೆಯುತ್ತಿದೆ ಎಂದು ತಿಳಿದು, ಕರೆಂಟಿನ ವೈರನ್ನೇ ಗೋಡೆಯಿಂದ ಕಿತ್ತ. ಸಾಮಾನು ಕೋಣೆಯಲ್ಲಿ ಹಳೆಯ ಸೂಟ್‌ಕೇಸುಗಳ ಮಧ್ಯೆ ಕಾಲು ಚಾಚಿ ಕೂತುಬಿಟ್ಟ.

ಆ ಪೆಟ್ಟಿಗೆಯಲ್ಲಿ ಅವನ ಮದುವೆಯ ಫೋಟೋಗಳಿದ್ದವು, ಹೋಗಲಿ ಬಿಡಿ. ಅಕ್ಕನ ವಿಡಿಯೋಗಳಿದ್ದವು. ಅಕ್ಕನಿಗೆ ಹುಟ್ಟಿನಿಂದ ಕಿವಿ ಕೇಳದು. ಅವಳಿಗೆಂದು ಶಾಲೆ ಸಿಗುವ ಮೊದಲೇ ಅಮ್ಮ ಮತ್ತು ಅವಳು ಸೇರಿ ಮನೆಯಲ್ಲೇ ಒಂದು ಕೈಭಾಷೆ ಕಟ್ಟಿಕೊಂಡಿದ್ದರು. ಸೂಜಿಗೊಂದು ಸನ್ನೆ, ಮುನಿಸಿಗೊಂದು ಸನ್ನೆ, ಪಕ್ಕದ ಮನೆಯ ಜಿಪುಣನಿಗೂ ಒಂದು ಸನ್ನೆ. ಲೋಕದ ಯಾವ ಪುಸ್ತಕದಲ್ಲೂ ಅದಿಲ್ಲ. ಪೂರ್ತಿ ಬಲ್ಲವರು ಅವರಿಬ್ಬರೇ. ತಮ್ಮನಾದವನಿಗೆ ಬರುವುದು ಊಟ, ನಿದ್ದೆ, ಬಾ, ಹೋಗು, ಇಷ್ಟೇ. ಉಳಿದಂತೆ ಅಕ್ಕ ಅವನ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದಳು. ಕಷ್ಟವೆಲ್ಲ ಅವಳದ್ದೇ.

ಅಕ್ಕನ ಹೊಲಿಗೆ ಅಂಗಡಿಯಲ್ಲಿ ಅಮ್ಮ ಕಾಜಾ ಹಾಕುವುದನ್ನು ನಡುನಡುವೆ ನಿಲ್ಲಿಸಿ ಕೈಯಲ್ಲಿ ಕಥೆ ಹೇಳುವುದನ್ನು ಅಕ್ಕ ಫೋನಿನಲ್ಲಿ ಹಿಡಿದಿಡುತ್ತಿದ್ದಳು. ಫೋನು ತುಂಬಿದಾಗ ಎಲ್ಲವನ್ನೂ ತನ್ನ ಪೆಟ್ಟಿಗೆಗೆ ಹಾಕಿಕೊಂಡು, ಫೋನಿನಿಂದ ಅಳಿಸಿಬಿಡು, ಇಲ್ಲಿ ಭದ್ರವಾಗಿರುತ್ತದೆ ಎಂದು ಎದೆ ಮುಟ್ಟಿಕೊಂಡು ಹೇಳಿದವನು ಇವನೇ. ಈಗ ಅಮ್ಮನಿಗೆ ಲಕ್ವ ಹೊಡೆದಿತ್ತು. ಬಲಗೈ ಹೋಗಿತ್ತು, ಮಾತು ಹೋಗಿತ್ತು. ಎಡಗೈಯಲ್ಲಿ ಶಕ್ತಿ ಇದ್ದರೂ ಅದಕ್ಕೆ ಏನು ಮಾಡಬೇಕೆಂಬುದೇ ಮರೆತಿತ್ತು. ಅವರದ್ದೇ ಹಳೆಯ ಸನ್ನೆಗಳನ್ನು ಅವರಿಗೇ ತೋರಿಸಿ, ನೋಡುತ್ತ ನೋಡುತ್ತ ಕೈ ಕಲಿತರೂ ಕಲಿಯಬಹುದು ಎಂದು ವ್ಯಾಯಾಮ ಮಾಡಿಸಲು ಬರುವಾಕೆ ಹೇಳಿದ್ದಳು. ಅಕ್ಕ ಮುಖವನ್ನು ಇಷ್ಟಗಲ ಮಾಡಿಕೊಂಡು ವಿಡಿಯೋ ಕೇಳಲು ಬಂದಿದ್ದಳು. ಅದನ್ನು ತೆಗೆಯುವ ಮೊದಲು ಕೆಟ್ಟ ಡಿಸ್ಕನ್ನು ಬದಲಿಸಿಬಿಡೋಣವೆಂದು ಹೋಗಿಯೇ ಈ ಅನಾಹುತ.

ಅನಾಹುತವೂ ಇವತ್ತಿನದಲ್ಲ. ಮೊದಲ ಡಿಸ್ಕು ಕೆಟ್ಟಾಗಲೇ ಪೆಟ್ಟಿಗೆ ಕೀಂ ಕೀಂ ಎಂದು ಬಡಿದುಕೊಂಡಿತ್ತು. ಹೆಂಡತಿ ಗೊಣಗಿದಳೆಂದು ಇವನು ಸದ್ದನ್ನು ಮಾತ್ರ ನಿಲ್ಲಿಸಿ, ಬಿಡುವಾದಾಗ ನೋಡಿದರಾಯಿತೆಂದು ಮರೆತ. ಮುಂದೊಂದು ದಿನ ಹಳೆ ಬಟ್ಟೆ ಹುಡುಕಲು ಸಾಮಾನು ಕೋಣೆಗೆ ಹೋದ ಅಕ್ಕ ಆ ಕೆಂಪು ದೀಪ ಕಂಡು, ಇವನ ತೋಳು ಹಿಡಿದು ಕರೆತಂದು ತೋರಿಸಿದ್ದಳು. ಏನಿಲ್ಲ ಎಂದು ಕೈಯಾಡಿಸಿ ಕಳಿಸಿದ್ದ. ಕಿವುಡಿಗೆ ಕಂಡದ್ದು ಕಿವಿಯಿದ್ದವನಿಗೆ ಬೇಡವಾಗಿತ್ತು.

ಸಂಜೆ ಅಕ್ಕ ಬಂದಾಗ ಡಿಸ್ಕು ತಾನಾಗಿ ಕೆಟ್ಟುಹೋಯಿತು ಎಂದ. ನಾಲಿಗೆ ಒಂಚೂರೂ ತಡವರಿಸಲಿಲ್ಲ. ಅಕ್ಕನ ಮುಖ ಬಿಳಿಚಿಕೊಂಡಿತು. ಆಮೇಲೆ ಅವಳು ಮಾಡಿದ್ದನ್ನು ಅವನಿಗೆ ಸಹಿಸಲಾಗಲಿಲ್ಲ. ಅವನ ಬೆನ್ನು ಸವರಿದಳು, ಇಂಥ ಕಳಪೆ ಸಾಮಾನು ಮಾಡಿದವರ ಕೈ ಮುರಿಯಲಿ ಎಂದು ಅವನಿಗೂ ತಿಳಿಯುವಂತೆ ನಟಿಸಿ ತೋರಿಸಿದಳು, ಊಟ ಮಾಡಿದೆಯಾ ಎಂದು ಕೇಳಿದಳು. ಎರಡು ಬಾರಿಸಿದ್ದರೆ ಹಾಯೆನಿಸುತ್ತಿತ್ತೇನೋ.

ಹೋದ ಡೇಟಾ ತೆಗೆದುಕೊಡುವ ಅಂಗಡಿಗೆ ತಾನೂ ಬರುತ್ತೇನೆಂದು ಅಕ್ಕ ಹಟ ಹಿಡಿದಳು. ಅಲ್ಲಿನ ಹೆಂಗಸು ನಾಲ್ಕೂ ಡಿಸ್ಕುಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು, ಇನ್ನು ಮೇಲೆ ಇವಕ್ಕೆ ಕರೆಂಟು ಕೊಡಬೇಡಿ, ಮೊದಲು ಪ್ರತಿಯೊಂದರ ನಕಲು ತೆಗೆದು ಕೆಲಸವೆಲ್ಲ ನಕಲಿನ ಮೇಲೆ ಎಂದಳು. ಏನಾಯಿತೆಂದು ಕೇಳಿದಾಗ, ತಾನಾಗೇ ಹೀಗಾಯಿತು ಎಂದ.

“ತಾನಾಗೇ ಇಷ್ಟೊಂದು ಆಗಲ್ಲ ಸರ್. ಯಾವುದನ್ನ ತೆಗೆದ್ರಿ, ಆಮೇಲೆ ಏನು ಒತ್ತಿದ್ರಿ, ಇದ್ದದ್ದು ಇದ್ದ ಹಾಗೆ ಹೇಳಿ. ಅದರ ಮೇಲೇ ನಾನು ಇವನ್ನ ಜೋಡಿಸೋದು. ತಪ್ಪು ಹೇಳಿದ್ರೆ ಉಳಿದಿರೋದೂ ಕೈಬಿಟ್ಟು ಹೋಗುತ್ತೆ.”

ಅಕ್ಕ ಪಕ್ಕದಲ್ಲೇ ನಿಂತು ಇವನ ತುಟಿಯನ್ನೇ ನೋಡುತ್ತಿದ್ದಳು. ಹೇಳಿದರೆ ಅಕ್ಕನಿಗೆ ತಿಳಿಯುತ್ತದೆ, ಹೇಳದಿದ್ದರೆ ಅಮ್ಮನ ಕೈ ಹೋಗುತ್ತದೆ.

ಅವರ ಮನೆಯಲ್ಲಿ ಅಮ್ಮ ಹಾಕಿದ ಕಟ್ಟಳೆ ಒಂದೇ ಒಂದು. ಅಕ್ಕ ಇದ್ದ ಕೋಣೆಯಲ್ಲಿ ಯಾರೂ ಅವಳಿಗೆ ಬೆನ್ನು ಹಾಕಿ ಮಾತಾಡಕೂಡದು. ಹಾಲು ಉಕ್ಕುತ್ತಿದ್ದರೂ ಅಮ್ಮ ಒಲೆಯಿಂದ ತಿರುಗಿಯೇ ಮಾತಾಡುತ್ತಿದ್ದಳು. ಸಿಟ್ಟಿನಿಂದ ದಡದಡ ಹೊರಟ ಅಪ್ಪನೂ ಬಾಗಿಲಲ್ಲಿ ತಿರುಗಿ ನಿಂತು, ಬೈಯುವಷ್ಟು ಬೈದು ಆಮೇಲೆ ಹೋಗಬೇಕಿತ್ತು. ನಗು ಬರುತ್ತಿತ್ತು, ಆದರೂ ಯಾರೂ ಮೀರಿದವರಿಲ್ಲ.

ಅವನು ಗೋಡೆಯ ಕಪಾಟಿನಲ್ಲಿದ್ದ ವೈರುಗಳನ್ನು ನೋಡುವವನಂತೆ ಹೊರಳಿ, ಅಕ್ಕನಿಗೆ ಬೆನ್ನು ಹಾಕಿದ. ಸಾಲದ್ದಕ್ಕೆ ದನಿಯನ್ನೂ ತಗ್ಗಿಸಿದ, ಕೇಳಿಸದವಳ ಮುಂದೆ.

“ಚೆನ್ನಾಗಿರೋ ಡಿಸ್ಕನ್ನ ನಾನೇ ಎಳೆದದ್ದು. ಹೊಸದಾಗಿ ಮಾಡ್ಲಾ ಅಂತ ಕೇಳ್ತು, ಹೌದು ಅಂತ ಒತ್ತಿಬಿಟ್ಟೆ. ಅವಳಿಗೆ ಹೇಳಬೇಡಿ.”

ಹೆಂಗಸು ಇವನ ಭುಜದಾಚೆ ಒಮ್ಮೆ ನೋಡಿ, ಯಾವ ಡಿಸ್ಕು ಯಾವ ಖಾನೆಯಲ್ಲಿತ್ತೆಂದು ಕೇಳಿ ಬರೆದುಕೊಂಡಳು. ಮನೆಗೆ ಬರುವ ದಾರಿಯಲ್ಲಿ ಅಕ್ಕ ಕಿಟಕಿಯ ಹೊರಗೇ ನೋಡುತ್ತಿದ್ದಳು. ಇವನ ಕಡೆ ತಿರುಗಲಿಲ್ಲ.

ಕೆಲವು ದಿನಗಳ ಮೇಲೆ ಅಂಗಡಿಯಿಂದ ಸಿಕ್ಕಿದ್ದು ಅರ್ಧಕ್ಕೂ ಕಡಿಮೆ. ಹೆಸರುಗಳೆಲ್ಲ ಅಳಿಸಿಹೋಗಿ ಬರೀ ನಂಬರುಗಳು ಉಳಿದಿದ್ದವು. ಕೆಲವು ತೆರೆಯಲೇ ಇಲ್ಲ, ಕೆಲವು ನಡುವೆ ನಿಂತು ಅಮ್ಮನ ಕೈಗಳು ಹಸಿರು ಚೌಕಗಳಾಗಿ ಒಡೆದವು. ಒಂದೊಂದು ತೆರೆಯದೇ ಹೋದಾಗಲೂ ಅವನು ಅಕ್ಕನ ಮುಖ ನೋಡುತ್ತಿದ್ದ. ಅವಳು ಮುಂದಿನದನ್ನು ಒತ್ತುತ್ತಿದ್ದಳು, ಅಷ್ಟೇ.

ಅಂದು ಮಧ್ಯಾಹ್ನ ಅಮ್ಮನ ಮಂಚದ ಎದುರಿಗೆ ಪರದೆ ಇಟ್ಟು, ಸರಿಯಾಗಿದ್ದ ಒಂದನ್ನು ಹಾಕಿದರು. ಪರದೆಯ ಅಮ್ಮ ಅಂಗಿಯೊಂದನ್ನು ಮಡಿಲಲ್ಲಿಟ್ಟುಕೊಂಡು ಎರಡೂ ಕೈಯಲ್ಲಿ ಏನೋ ಹೇಳುತ್ತ ನಗುತ್ತಿದ್ದಳು. ಮಂಚದ ಮೇಲಿನ ಅಮ್ಮ ಯಾರನ್ನೋ ನೋಡುವಂತೆ ನೋಡಿದಳು. ಅದೇ ವಿಡಿಯೋವನ್ನು ಮತ್ತೆ ಮತ್ತೆ ಹಾಕಿದರು.

ಆಗ ಅಕ್ಕ ಎದ್ದು ಇವನೆದುರು ನಿಂತಳು. ಇವನಿಗೆ ಬೆನ್ನು ಹಾಕಿ, ಕತ್ತು ತಗ್ಗಿಸಿ, ಕಪಾಟಿನ ವೈರು ನೋಡುವವನ ನಟನೆ ಮಾಡಿದಳು. ತಿರುಗಿ ಅಂಗೈ ಚಾಚಿದಳು. ಅಲ್ಲಿ ಏನು ಹೇಳಿದೆ?

ಬೆಳಕು ತನ್ನ ಮುಖದ ಮೇಲೆ ಬೀಳುವಂತೆ ಅವನು ಕಿಟಕಿಯ ಕಡೆ ಸರಿದು ನಿಂತ. ತುಟಿ ಅದುರುತ್ತಿತ್ತು. ಅದುರಿದರೆ ಅವಳಿಗೆ ತಿಳಿಯುವುದಿಲ್ಲವೆಂದು ಹಲ್ಲು ಕಚ್ಚಿ ನಿಲ್ಲಿಸಿಕೊಂಡ.

“ತಾನಾಗಿ ಕೆಡಲಿಲ್ಲ ಅಕ್ಕ. ನಾನೇ ಕೆಡಿಸಿದ್ದು. ಆವತ್ತು ನೀನು ಕೆಂಪು ದೀಪ ತೋರಿಸಿದಾಗಲೂ ನನಗೆ ಗೊತ್ತಿತ್ತು. ಗೊತ್ತಿದ್ದೂ ಏನಿಲ್ಲ ಅಂದೆ. ನಿನಗೆ ಕಾಣಬಾರದು ಅಂತಲೇ ಅಲ್ಲಿ ಬೆನ್ನು...”

ಅಕ್ಕ ಕಣ್ಣು ಮುಚ್ಚಿಕೊಂಡಳು.

ಸಿಟ್ಟಿನಿಂದ ಹುಬ್ಬು ಗಂಟಿಕ್ಕಲಿಲ್ಲ, ಅಳಲಿಲ್ಲ. ಮಂಚದ ಪಕ್ಕದ ಕುರ್ಚಿಯಲ್ಲಿ ಕೂತು, ಬಾಗಿಲು ಹಾಕಿಕೊಂಡಂತೆ ರೆಪ್ಪೆ ಹಾಕಿಕೊಂಡಳು. ಅವನ ಬಾಯಿ ತೆರೆದೇ ಇತ್ತು. ಕ್ಷಮಿಸು ಎಂದ, ಮತ್ತೂ ಎಂದ. ಅಮ್ಮನನ್ನು ಬಿಟ್ಟರೆ ಕೋಣೆಯಲ್ಲಿ ಅದು ಕೇಳಿಸಿದ್ದು ಅವನೊಬ್ಬನಿಗೇ.

ಪರದೆಯ ಮೇಲೆ ಅಮ್ಮ ಹೇಳುತ್ತಲೇ ಇದ್ದಳು. ಮಂಚದ ಕಡೆ ಏನೋ ಅಲುಗಿದಂತಾಗಿ ಅವನು ತಿರುಗಿ ನೋಡಿದ. ಅಮ್ಮನ ಎಡಗೈ ಹೊದಿಕೆಯಿಂದ ಎದ್ದಿತ್ತು. ಎರಡು ಬೆರಳು ಕೂಡಿ, ನಡುಗುತ್ತ ಮಡಚಿ, ಮತ್ತೆ ಬಿಚ್ಚಿಕೊಂಡವು. ಪರದೆಯ ಬೆರಳುಗಳೂ ಅದನ್ನೇ ಮಾಡುತ್ತಿದ್ದವು. ಅದು ಏನು ಮಾತು ಎಂದು ಅವನಿಗೆ ತಿಳಿಯಲಿಲ್ಲ. ತಿಳಿಯಬಲ್ಲವಳು ಕಣ್ಣು ಮುಚ್ಚಿ ಕೂತಿದ್ದಳು.

ಅವಳ ಭುಜ ಹಿಡಿದು ಅಲುಗಿಸಿದ. ಅವಳು ಕೊಡವಿಕೊಂಡಳು. ಅಮ್ಮನ ಕೈ ತುಸು ಇಳಿಯಿತು. ಅವನು ಮಂಚದ ಪಕ್ಕ ಮಂಡಿಯೂರಿ, ಅಕ್ಕನ ಕೈಯನ್ನು ಬಲವಂತವಾಗಿ ಎಳೆದು, ಅಂಗೈ ಬಿಡಿಸಿ, ಅಮ್ಮನ ಬೆರಳುಗಳ ಕೆಳಗೆ ಹಿಡಿದ.

ಅಕ್ಕ ಕೈ ಕಿತ್ತುಕೊಳ್ಳಲು ಹೋದವಳು ನಿಂತಳು. ಅವಳ ಕಣ್ಣು ಮುಚ್ಚಿಯೇ ಇತ್ತು. ಅಂಗೈಯೊಳಗೆ ಅಮ್ಮನ ಎರಡು ಬೆರಳು ಮಡಚಿಕೊಂಡವು, ಬಿಚ್ಚಿಕೊಂಡವು.